ಆಟಿಯ ತೇವದಲ್ಲಿ ಅಕ್ರಿಲಿಕ್

ಕಳೆದ ವರ್ಷದ ಮಳೆಗಾಲದಲ್ಲಿ ಮುಗಿಸಿದ ಎರಡು ಚಿತ್ರಗಳನ್ನು ಮುಖಕ್ಕೆ ಮುಖ ತಾಗುವಂತೆ ಮಹಡಿಯ ಕೋಣೆಯ ಗೋಡೆಗೆ ಒರಗಿಸಿಟ್ಟಿದ್ದೆ. ಬಣ್ಣ ಹಚ್ಚಿ ಹತ್ತು ದಿನ ಕಳೆದಿತ್ತು, ಬೆರಳಿಟ್ಟರೆ ಅಂಟುತ್ತಿರಲಿಲ್ಲ, ಆದ್ದರಿಂದ ಒಣಗಿದೆ ಎಂದೇ ನಂಬಿದ್ದೆ. ನಾಲ್ಕು ದಿನಗಳ ಬಳಿಕ ಬೇರ್ಪಡಿಸಲು ಹೋದಾಗ ಬಟ್ಟೆ ಹರಿದಂತಹ ಸದ್ದಾಯಿತು. ಒಂದು ಚಿತ್ರದ ಆಕಾಶದಿಂದ ಅಂಗೈಯಗಲದ ನೀಲಿ ಸುಲಿದು ಬಂದು ಇನ್ನೊಂದರ ಕಾಫಿ ತೋಟದ ಮೇಲೆ ಕುಳಿತಿತ್ತು. ಎರಡು ತಿಂಗಳ ಕೆಲಸ ಹಾಳಾದ ದುಃಖ ದೊಡ್ಡದೇ. ಆದರೆ ನಾನು ಆರು ವರ್ಷಗಳಿಂದ ಕೈಯಾಡಿಸುತ್ತಿರುವ ಮಾಧ್ಯಮವನ್ನು ಇನ್ನೂ ಅರಿತಿಲ್ಲವೆಂಬುದು ಅಂದು ತಿಳಿಯಿತು.

ಟ್ಯೂಬಿನೊಳಗಿನ ಅಕ್ರಿಲಿಕ್ ಎಂದರೆ ವರ್ಣದ್ರವ್ಯದ ಪುಡಿ ಮತ್ತು ನೀರಿನಲ್ಲಿ ತೇಲುವ ಪ್ಲಾಸ್ಟಿಕ್‌ನ ಅತಿ ಸಣ್ಣ ಕಣಗಳು. ನೀರು ಆರಿಹೋದಂತೆ ಆ ಕಣಗಳು ಒಂದನ್ನೊಂದು ಒತ್ತಿ, ಬೆಸೆದು, ಪೊರೆಯಾಗುತ್ತವೆ. ಮತ್ತೆ ನೀರು ಹಾಕಿದರೆ ಕರಗುವುದಿಲ್ಲ. ಮೇಲ್ಮೈ ಅರ್ಧ ಗಂಟೆಯೊಳಗೆ ಒಣಗುತ್ತದೆ ಎಂದು ಹೇಳುವುದು ಒಣಹವೆಯ ಊರುಗಳಿಗೆ ಸಲ್ಲುವ ಮಾತು. ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಎತ್ತರದಲ್ಲಿರುವ ಮಡಿಕೇರಿಯ ಸುತ್ತ, ಕಿಟಕಿ ತೆರೆದರೆ ಮೋಡವೇ ಕೋಣೆಯೊಳಗೆ ಬರುವ ಜುಲೈ ತಿಂಗಳಿನಲ್ಲಿ, ಗಾಳಿಗೆ ನೀರನ್ನು ಎಳೆದುಕೊಳ್ಳುವ ಶಕ್ತಿಯೇ ಇರುವುದಿಲ್ಲ. ಮೇಲೆ ತೆಳುವಾದ ಕೆನೆ ಕಟ್ಟಿದರೂ ದಪ್ಪವಾಗಿ ಹಚ್ಚಿದ ಕಡೆ ಒಳಭಾಗ ವಾರಗಟ್ಟಲೆ ಹಸಿಯಾಗಿರುತ್ತದೆ. ಸಾಲದೆಂಬಂತೆ, ಪೂರ್ಣ ಒಣಗಿದ ಪೊರೆಯೂ ಎಣ್ಣೆಬಣ್ಣದಷ್ಟು ಗಟ್ಟಿಯಾಗದೆ ಸ್ವಲ್ಪ ಮೆದುವಾಗಿಯೇ ಉಳಿಯುವುದರಿಂದ ಎರಡು ಪೊರೆಗಳು ಒತ್ತಿಕೊಂಡರೆ ಅಂಟಿಕೊಳ್ಳುತ್ತವೆ. ಈಗ ಪ್ರತಿ ಚಿತ್ರದ ನಡುವೆ ಬೇಕಿಂಗ್‌ಗೆ ಬಳಸುವ ಸಿಲಿಕೋನ್ ಲೇಪಿತ ಕಾಗದವನ್ನು ಇಡುತ್ತೇನೆ. ಹೊಸ ಚಿತ್ರಗಳನ್ನು ಅಡುಗೆಮನೆಯ ಅಟ್ಟದ ಪಕ್ಕದ ಕೋಣೆಯಲ್ಲಿ, ಒಲೆಯ ಬಿಸಿ ಗೋಡೆಯ ಮೂಲಕ ತಲುಪುವ ಆದರೆ ಹೊಗೆ ತಾಗದ ಜಾಗದಲ್ಲಿ, ಒಂದು ತಿಂಗಳಾದರೂ ಬಿಡಿಬಿಡಿಯಾಗಿ ನಿಲ್ಲಿಸುತ್ತೇನೆ.

ಇದೇ ತೇವ ಮಂಜನ್ನು ಚಿತ್ರಿಸುವಾಗ ನನಗೆ ನೆರವಾಯಿತು. ಬೇಸಿಗೆಯಲ್ಲಿ ಎರಡು ಬಣ್ಣಗಳ ಅಂಚನ್ನು ಕರಗಿಸುವಷ್ಟರಲ್ಲಿ ಒಂದು ಒಣಗಿಬಿಡುತ್ತದೆ. ಅದಕ್ಕಾಗಿ ಒಣಗುವಿಕೆಯನ್ನು ನಿಧಾನಗೊಳಿಸುವ ರಿಟಾರ್ಡರ್ ಎಂಬ ದ್ರವವನ್ನು ತರಿಸಿಕೊಂಡಿದ್ದೆ. ಮಳೆಗಾಲದಲ್ಲಿ ಆ ಬಾಟಲಿಯ ಮುಚ್ಚಳ ತೆಗೆಯಲಿಲ್ಲ. ಬ್ರಹ್ಮಗಿರಿಯ ಸಾಲುಗಳಲ್ಲಿ ಒಂದರ ಹಿಂದೆ ಒಂದು ತೆಳುವಾಗುತ್ತ ಹೋಗುವ ಬೆಟ್ಟಗಳನ್ನು ತರಲು ಟೈಟಾನಿಯಂ ಬಿಳಿಯನ್ನು ನೀರಿನಲ್ಲಿ ತೆಳುಮಾಡಿ ಹಚ್ಚುತ್ತಿದ್ದೆ. ಅದು ತಪ್ಪು. ನೀರು ಹೆಚ್ಚಾದರೆ ಕಣಗಳನ್ನು ಬೆಸೆಯುವ ಅಂಟು ಸಾಲದೆ, ಒಣಗಿದ ಮೇಲೆ ಬಣ್ಣ ಸುಣ್ಣದಂತೆ ಬೆರಳಿಗೆ ಬರುತ್ತದೆ. ನೀರಿನ ಬದಲು ಅಕ್ರಿಲಿಕ್ ಮೀಡಿಯಂನಲ್ಲಿ, ಅಂದರೆ ವರ್ಣದ್ರವ್ಯವಿಲ್ಲದ ಅಕ್ರಿಲಿಕ್‌ನಲ್ಲಿ, ಕಾಳಿನಷ್ಟು ಬಿಳಿಯನ್ನು ಬೆರೆಸಿ ಎಂಟು ಒಂಬತ್ತು ಪದರ ಹಚ್ಚಿದಾಗ ಮಂಜಿಗೆ ಆಳ ಬಂತು. ಹಸಿಯಿರುವಾಗ ಈ ಮೀಡಿಯಂ ಹಾಲಿನ ಬಣ್ಣದಲ್ಲಿರುತ್ತದೆ, ಒಣಗಿದಾಗ ಪಾರದರ್ಶಕವಾಗುತ್ತದೆ. ಅಂದರೆ ಕಣ್ಣೆದುರು ಕಾಣುವ ಮಂಜಿನಲ್ಲಿ ಅರ್ಧದಷ್ಟು ಮರುದಿನ ಇರುವುದಿಲ್ಲ, ಕೆಳಗಿನ ಹಸಿರೂ ಇನ್ನಷ್ಟು ಕಪ್ಪಾಗುತ್ತದೆ. ಆದ್ದರಿಂದ ಪ್ರತಿ ಮಿಶ್ರಣವನ್ನೂ ಮೊದಲು ರಟ್ಟಿನ ತುಂಡಿಗೆ ಹಚ್ಚಿ, ಒಣಗಿಸಿ, ಹಿಂಭಾಗದಲ್ಲಿ ಅಳತೆಯನ್ನು ಬರೆದಿಡುತ್ತೇನೆ. ಅಂತಹ ರಟ್ಟುಗಳು ಈಗ ಎರಡು ಬಿಸ್ಕತ್ತಿನ ಡಬ್ಬಿ ತುಂಬಿವೆ, ಮತ್ತು ನನ್ನ ಚಿತ್ರಗಳಿಗಿಂತ ಅವುಗಳ ಮೇಲೆಯೇ ನನಗೆ ಹೆಚ್ಚು ಮಮತೆ.

ಮಣ್ಣಿನ ಕಡೆಗೆ ನನ್ನನ್ನು ತಿರುಗಿಸಿದ್ದು 2018ರ ಆಗಸ್ಟ್. ಆ ತಿಂಗಳು ಕೊಡಗಿನ ಬೆಟ್ಟಗಳು ಕುಸಿದು ಮನೆ, ತೋಟ, ಜೀವಗಳನ್ನು ಕೊಂಡೊಯ್ದ ಬಳಿಕ, ಹಸಿರಿನ ನಡುವೆ ಮೇಲಿನಿಂದ ಕೆಳಗಿನವರೆಗೆ ತೆರೆದುಕೊಂಡ ಕೆಂಪು ಗಾಯಗಳನ್ನು ಚಿತ್ರಿಸಲು ಹಲವು ಬಾರಿ ಪ್ರಯತ್ನಿಸಿದೆ. ಟ್ಯೂಬಿನ ಕೆಂಗಂದು ಬಣ್ಣಗಳಾದ ಬರ್ನ್ಟ್ ಸಿಯೆನ್ನಾ, ರೆಡ್ ಆಕ್ಸೈಡ್, ಎರಡರ ಮಿಶ್ರಣ ಯಾವುದೂ ಆ ಕೆಂಪಾಗಲಿಲ್ಲ. ಕೊನೆಗೆ ನಮ್ಮದೇ ಮನೆಯ ಹಿಂದೆ ಜರಿದ ಬರೆಯ, ಅಂದರೆ ಕಡಿದಾದ ದಿಬ್ಬದ, ಮಣ್ಣನ್ನು ಬಕೆಟ್ಟಿನಲ್ಲಿ ತಂದು ನೀರಿನಲ್ಲಿ ಕಲಕಿದೆ. ಮರಳು ತಳ ಸೇರಲು ಒಂದು ನಿಮಿಷ ಬಿಟ್ಟು, ಮೇಲಿನ ಕೆಸರುನೀರನ್ನು ಬೇರೆ ಪಾತ್ರೆಗೆ ಬಗ್ಗಿಸಿ, ಇದನ್ನೇ ನಾಲ್ಕು ಬಾರಿ ಮಾಡಿದ ಮೇಲೆ ತಳದಲ್ಲಿ ನಿಂತದ್ದು ಬೆಣ್ಣೆಯಂತಹ ನಯವಾದ ಮಣ್ಣು. ಅದನ್ನು ನೇರವಾಗಿ ಮೀಡಿಯಂಗೆ ಬೆರೆಸಿ ಮುಚ್ಚಿಟ್ಟ ಮೊದಲ ಬಾಟಲಿಯಲ್ಲಿ ಎರಡನೇ ವಾರಕ್ಕೆ ಬಿಳಿ ಬೂಷ್ಟು ಬಂತು. ಮಣ್ಣಿನಲ್ಲಿ ಎಲೆ ಬೇರುಗಳ ಕೊಳೆತ ಅಂಶ ಇದ್ದೇ ಇರುತ್ತದೆ. ನಂತರ ಮಣ್ಣನ್ನು ಹಳೆಯ ಬಾಣಲೆಯಲ್ಲಿ ಹುರಿಯಲಾರಂಭಿಸಿದೆ. ಹಾಗೆ ಹುರಿಯುವಾಗ ನೋಡಿದ್ದನ್ನು ನಾನು ಮರೆಯಲಾರೆ: ಹಳದಿ ಮಣ್ಣು ಅಂಚಿನಿಂದ ಒಳಕ್ಕೆ ನಿಧಾನವಾಗಿ ಕೆಂಪಾಯಿತು. ಹಳದಿಗೆ ಕಾರಣವಾದ ಕಬ್ಬಿಣದ ಆಕ್ಸೈಡಿನಲ್ಲಿ ಸೇರಿಕೊಂಡಿರುವ ನೀರು ಕಾವಿಗೆ ಹೊರಟುಹೋದರೆ ಉಳಿಯುವುದು ಕೆಂಪು ಆಕ್ಸೈಡ್. ಬರ್ನ್ಟ್ ಸಿಯೆನ್ನಾ ಎಂಬ ಹೆಸರಿನಲ್ಲಿರುವ ಸುಡುವಿಕೆಯೂ ಇದೇ.

ಹುರಿದ ಮಣ್ಣನ್ನು ಅರೆಯಲು ಕಲ್ಲು ಕೇಳಿದಾಗ ಅಮ್ಮ, "ಅಡುಗೆಯ ಕಲ್ಲಿಗೆ ಮಣ್ಣು ಹಾಕಬೇಡ ಮಗಳೇ, ಹಟ್ಟಿಯ ಹಿಂದೆ ನಿನ್ನ ಅಜ್ಜಿಯ ಕಲ್ಲಿದೆ, ತೊಳೆದು ತೆಗೆದುಕೋ" ಎಂದರು. ಆ ಕಲ್ಲಿನಲ್ಲಿ ಅರೆದ ಬಣ್ಣವೇ ಈಗ ನನ್ನ ಚಿತ್ರಗಳ ಕೆಂಪು. ಕಬ್ಬಿಣದ ಆಕ್ಸೈಡ್ ಬಿಸಿಲಿಗೆ ಮಾಸದ ಬಣ್ಣವಾದ್ದರಿಂದ ಅದರ ಬಗ್ಗೆ ನನಗೆ ಚಿಂತೆಯಿಲ್ಲ.

ಹಲಗೆಗಳ ವಿಷಯದಲ್ಲಿ ಇಷ್ಟು ಸುಲಭವಾಗಿ ಗೆಲ್ಲಲಿಲ್ಲ. ಹಳೆಯ ಮನೆ ಕೆಡವಿದಾಗ ಸಿಕ್ಕಿದ ಹಲಸಿನ ಬಾಗಿಲಿನ ಹಲಗೆಗೆ ಬಣ್ಣಕ್ಕೆ ಮೊದಲು ಹಚ್ಚುವ ಬಿಳಿ ತಳಲೇಪವಾದ ಜೆಸ್ಸೋವನ್ನು ಮೂರು ಪದರ ಬಳಿದು ಮೇಲೆ ಬಿಳಿ ಆಕಾಶ ಬರೆದಿದ್ದೆ; ತಿಂಗಳಾಗುವಷ್ಟರಲ್ಲಿ ಆಕಾಶದಲ್ಲಿ ಅರಿಶಿನದ ಕಲೆಗಳು ಎದ್ದವು. ಹಲಸಿನ ಚೇಗಿನಿಂದ, ಅಂದರೆ ಮರದ ಗಟ್ಟಿ ತಿರುಳಿನಿಂದ, ಬಟ್ಟೆಗೆ ಹಳದಿ ಬಣ್ಣ ಹಾಕುವ ಪದ್ಧತಿ ಹಿಂದಿನಿಂದಲೂ ಇದೆ. ಅಂತಹ ಮರಕ್ಕೆ ನೀರು ಬೆರೆತ ಜೆಸ್ಸೋ ಬಳಿದಾಗ ನೀರಿನೊಂದಿಗೆ ಆ ಬಣ್ಣವೂ ಮೇಲೇರುತ್ತದೆ. ಈಗ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿದ ಪಾಲಿಶ್ ಎರಡು ಬಾರಿ ಹಚ್ಚಿ, ಹೊಳಪು ಹೋಗುವಂತೆ ಮರಳು ಕಾಗದದಿಂದ ಹಗುರವಾಗಿ ಉಜ್ಜಿ, ಆಮೇಲೆ ಜೆಸ್ಸೋ ಬಳಿಯುತ್ತೇನೆ. ಕಲೆ ಬಿದ್ದ ಚಿತ್ರವನ್ನು ನೋಡಿದ ಕಲಾವಿದ ಮಿತ್ರರೊಬ್ಬರು ಆಕಸ್ಮಿಕವನ್ನೇ ಸೌಂದರ್ಯವೆಂದು ಸ್ವೀಕರಿಸಬೇಕು ಎಂದರು. ನನಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ. ಬೇಕೆಂದಾಗ ಮತ್ತೊಮ್ಮೆ ಮಾಡಲು ಬಾರದ್ದನ್ನು, ನಾಳೆ ಎಲ್ಲಿಗೆ ಹರಡುತ್ತದೆಂದು ಗೊತ್ತಿಲ್ಲದ್ದನ್ನು, ನನ್ನ ಕೈಯ ಕೆಲಸವೆಂದು ಹೇಗೆ ಹೇಳಲಿ? ಆ ಹಲಗೆಯನ್ನು ಉಜ್ಜಿ ಮೊದಲಿನಿಂದ ಆರಂಭಿಸಿದೆ.

1912ರಲ್ಲಿ ಪಿಕಾಸೊ ಬೆತ್ತದ ಹೆಣಿಗೆಯನ್ನು ಮುದ್ರಿಸಿದ ಮೇಣಬಟ್ಟೆಯನ್ನು ಚಿತ್ರಕ್ಕೆ ಅಂಟಿಸಿ, ಸುತ್ತ ಹಗ್ಗವನ್ನೇ ಚೌಕಟ್ಟಾಗಿ ಬಿಗಿದರು. ಆ ಮೇಣಬಟ್ಟೆ ಮನೆಮನೆಯಲ್ಲಿ ಬಳಕೆಯಲ್ಲಿದ್ದ ವಸ್ತು ಎಂಬುದೇ ನನಗೆ ಮುಖ್ಯವೆನಿಸುತ್ತದೆ. ನಮ್ಮ ಮನೆಯಲ್ಲಿ ಅಂತಹ ವಸ್ತು ಅಜ್ಜನ ಚೆಕ್‌ರೋಲ್, ತೋಟದ ಆಳುಗಳ ಹಾಜರಿಯ ಪುಸ್ತಕ. ಅದರ ಹಾಳೆಯನ್ನು ಹರಿಯಲು ಮನಸ್ಸಾಗದೆ ಪ್ರತಿ ತೆಗೆಸಿದೆ. ಇಂಕ್‌ಜೆಟ್ ಪ್ರತಿಯ ಅಕ್ಷರಗಳು ಹಲಗೆಗೆ ಬಳಿದ ಹಸಿ ಜೆಲ್ (ದಪ್ಪನೆಯ ಅಕ್ರಿಲಿಕ್ ಮೀಡಿಯಂ) ತಾಗಿದೊಡನೆ ಹರಡಿಹೋದವು. ಲೇಸರ್ ಪ್ರತಿ ಮಾತ್ರ ನಿಂತಿತು. ಅಕ್ಷರಗಳು ತಿರುಗುಮುರುಗಾಗಿ ಬರುವಂತೆ ಮುದ್ರಿಸಿಕೊಂಡು, ಹಲಗೆಗೆ ಜೆಲ್ ಮೀಡಿಯಂ ಬಳಿದು, ಹಾಳೆಯನ್ನು ಮುಖ ಕೆಳಗಾಗಿ ಒತ್ತಿ ಒಣಗಲು ಬಿಡಬೇಕು. ಬೇರೆಡೆ ಒಂದು ದಿನ ಸಾಕಾಗುವ ಈ ಕೆಲಸಕ್ಕೆ ನಮ್ಮಲ್ಲಿ ನಾಲ್ಕು ದಿನ ಬೇಕು. ನಂತರ ನೀರಿನಲ್ಲಿ ಅದ್ದಿದ ಬೆರಳಿನಿಂದ ಕಾಗದವನ್ನು ಉಜ್ಜುತ್ತ ಹೋದರೆ ನಾರು ಸುರುಳಿಯಾಗಿ ಬಂದು, ಕಪ್ಪು ಅಕ್ಷರ ಮಾತ್ರ ಜೆಲ್‌ನೊಳಗೆ ಉಳಿಯುತ್ತದೆ. ಅಜ್ಜನ ದುಂಡಗಿನ ಬರಹ ಹೀಗೆ ಕೆಂಪು ಮಣ್ಣಿನ ಮೇಲೆ ಕಾಣಿಸಿಕೊಂಡ ಮಧ್ಯಾಹ್ನ ಅಮ್ಮ ಬಹಳ ಹೊತ್ತು ಅದರ ಮುಂದೆ ಕುಳಿತಿದ್ದರು.

ಕಾಫಿಯನ್ನು ಬಿಟ್ಟು ಇಲ್ಲಿ ಯಾರೂ ಚಿತ್ರ ಬರೆಯಲಾರರು. ಬರಿಯ ಡಿಕಾಕ್ಷನ್ ಕಾಗದದ ಮೇಲೆ ಚೆಂದದ ಕಂದು, ಆದರೆ ನೀರು ತಾಗಿದರೆ ಎದ್ದುಬರುತ್ತದೆ. ನನಗೆ ಹೆಚ್ಚು ಇಷ್ಟವಾದದ್ದು ಕಾಫಿ ಸಿಪ್ಪೆಯ ಕಷಾಯಕ್ಕೆ, ವಿನೆಗರ್‌ನಲ್ಲಿ ವಾರವಿಡೀ ನೆನೆಸಿದ ತುಕ್ಕುಮೊಳೆಯ ನೀರನ್ನು ಬೆರೆಸಿದಾಗ ಹುಟ್ಟುವ ಹಸಿರು ಮಿಶ್ರಿತ ಬೂದುಗಪ್ಪು. ಸಿಪ್ಪೆಯ ಒಗರು ಅಂಶ ಕಬ್ಬಿಣವನ್ನು ಸಂಧಿಸಿದ ಫಲ ಅದು. ಮಳೆಗಾಲದ ಸಂಜೆ ಸಿಲ್ವರ್ ಓಕ್ ಮರಗಳ ಕಾಂಡಕ್ಕೆ ಅದೇ ಬಣ್ಣವಿರುತ್ತದೆ. ಆಮ್ಲವಿರುವುದರಿಂದ ಕಾಗದವನ್ನು ಕಾಲಕ್ರಮದಲ್ಲಿ ತಿನ್ನಬಹುದು ಎಂಬ ಅಂಜಿಕೆಯಿಂದ ಅದನ್ನು ಹಲಗೆಯ ಮೇಲೆ ಮಾತ್ರ ಬಳಸುತ್ತೇನೆ.

ನನ್ನ ಎಲ್ಲ ಎಚ್ಚರಿಕೆಯನ್ನೂ ಮೀರಿ ನಿಂತದ್ದು ಮದ್ದುಸೊಪ್ಪು. ನಾವು ಆಟಿ ಎನ್ನುವ, ಪಕ್ಕದ ಕೊಡವ ಮನೆಯವರು ಕಕ್ಕಡ ಎನ್ನುವ ಮಳೆಗಾಲದ ತಿಂಗಳ 18ನೆಯ ದಿನ, ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಸೇರಿರುತ್ತದೆಂಬ ನಂಬಿಕೆಯಿಂದ ಪಾಯಸ ಮಾಡುತ್ತೇವೆ. ಕುದಿಸಿದ ನೀರಿಗೆ ಬರುವ ಗಾಢ ನೇರಳೆಯಂತಹ ಬಣ್ಣ ಯಾವ ಟ್ಯೂಬಿನಲ್ಲಿಯೂ ಇಲ್ಲ. ಮೀಡಿಯಂಗೆ ಬೆರೆಸಿದೆ, ಅದರ ಜೀವ ಉಳಿಯಲಿಲ್ಲ. ಹತ್ತಿಯ ಕಾಗದಕ್ಕೆ ಹಚ್ಚಿ, ಅರ್ಧಕ್ಕೆ ಕಪ್ಪು ಕಾಗದ ಮುಚ್ಚಿ ಕಿಟಕಿಯಲ್ಲಿಟ್ಟೆ. ತೆರೆದ ಭಾಗ ದೀಪಾವಳಿಯೊಳಗೆ ಮಾಸಿತು. ವಾರ್ನಿಶ್ ಬಳಿದದ್ದರಿಂದಲೂ ಹೆಚ್ಚಿನ ಪ್ರಯೋಜನವಾಗಲಿಲ್ಲ.

ಆದ್ದರಿಂದ ಹಲಸಿನ ಹಲಗೆಯ ದೊಡ್ಡ ಚಿತ್ರದಲ್ಲಿ, ಅಜ್ಜನ ಅಕ್ಷರಗಳ ಕೆಳಗೆ, ಬೆರಳಗಲದ ಒಂದು ಉದ್ದ ತಗ್ಗನ್ನು ಕೊರೆಸಿದ್ದೇನೆ. ಅದಕ್ಕೆ ಬಣ್ಣವಿಲ್ಲ, ಜೆಲ್ ಇಲ್ಲ. ಪ್ರತಿ ವರ್ಷ ಆಟಿ ಹದಿನೆಂಟರಂದು ಪಾಯಸಕ್ಕೆ ಮೊದಲು ಅದೇ ನೀರಿನಲ್ಲಿ ಅದ್ದಿದ ಹೊಸ ಕಾಗದದ ಪಟ್ಟಿಯನ್ನು ಒಣಗಿಸಿ ಅಲ್ಲಿ ಸೇರಿಸುವುದು, ಮಾಸಿದ ಹಳೆಯ ಪಟ್ಟಿಯನ್ನು ಇಸವಿ ಬರೆದು ರಟ್ಟುಗಳ ಡಬ್ಬಿಯಲ್ಲಿಡುವುದು ಎಂದು ನಿಶ್ಚಯಿಸಿದ್ದೇನೆ. ಈ ಬಾರಿ ಬೆಳಿಗ್ಗೆ ನಾನು ಕೆಳಗಿಳಿಯುವ ಮೊದಲೇ ಅಮ್ಮ ಒಂದು ಲೋಟ ನೀರನ್ನು ತೆಗೆದು, ತಟ್ಟೆ ಮುಚ್ಚಿ, ಒಲೆಯ ಪಕ್ಕದಲ್ಲಿಟ್ಟಿದ್ದರು.