ಬಾಯಿ ತೆರೆದ ಡಿಕ್ಕಿ

ಇಂದು ಸಂಜೆ ಇಲ್ಲಿ ಅಮೆರಿಕದಲ್ಲಿ, ಹ್ಯಾಲೋವೀನ್ ಹಬ್ಬಕ್ಕೆಂದು ಚರ್ಚಿನ ಪಾರ್ಕಿಂಗ್ ಜಾಗದಲ್ಲಿ ಮಗಳೊಂದಿಗೆ ಕಾರಿಂದ ಕಾರಿಗೆ ಸುತ್ತಿದೆ. ಸಾಲಾಗಿ ನಿಂತ ಕಾರುಗಳು, ಎಲ್ಲದರ ಡಿಕ್ಕಿಯೂ ತೆರೆದಿತ್ತು.

ಒಂದರ ಅಂಚಿಗೆ ಬಿಳಿ ರಟ್ಟಿನ ಹಲ್ಲುಗಳು. ಒಳಗೆ ನಾಲಗೆಯಂತೆ ಹಾಸಿದ ಕೆಂಪು ಹೊದಿಕೆ, ಅದರ ಮೇಲೆ ಚಾಕೊಲೇಟ್ ಬುಟ್ಟಿ. ಮಗಳು ಕಣ್ಣು ಮುಚ್ಚಿಕೊಂಡೇ ಆ ಬಾಯಿಗೆ ಕೈ ಹಾಕಿದಳು!

ಹ್ಯಾಲೋವೀನ್ ಎಂದರೆ ಮಕ್ಕಳು ವೇಷ ತೊಟ್ಟು ಸಿಹಿ ಕೇಳುತ್ತ ಮನೆಮನೆಯ ಬಾಗಿಲು ತಟ್ಟುವುದು. ಕಾರಿನ ಡಿಕ್ಕಿಯಿಂದಲೇ ಸಿಹಿ ಹಂಚುವ ಈ 'ಟ್ರಂಕ್ ಆರ್ ಟ್ರೀಟ್' 1990ರ ದಶಕದಲ್ಲಿ ಇಲ್ಲಿನ ಚರ್ಚುಗಳ ಅಂಗಳದಲ್ಲಿ ಬೆಳೆದದ್ದು. ಕತ್ತಲ ರಸ್ತೆಯಲ್ಲಿ ವಾಹನಗಳ ಭಯ, ಹಳ್ಳಿಗಾಡಿನಲ್ಲಿ ದೂರ ದೂರದ ಮನೆಗಳು. ಮಕ್ಕಳು ಬಾಗಿಲಿಗೆ ಹೋಗಲಾಗದಿದ್ದರೆ ಬಾಗಿಲೇ ಮಕ್ಕಳ ಬಳಿಗೆ ಬರಲಿ ಎಂದು ಯಾರಿಗೋ ಹೊಳೆದಿರಬೇಕು. ಎಂಥ ಅಕ್ಕರೆ ಅದು!

ಹಲ್ಲು ಕತ್ತರಿಸಿ ಅಂಟಿಸಿದ ಅಜ್ಜಿ ಮಗಳ ಚೀಲಕ್ಕೆ ಇನ್ನೊಂದು ಹಿಡಿ ಸುರಿದರು. ಅವರ ಬೆರಳಲ್ಲಿ ಅಂಟು ಇನ್ನೂ ಒಣಗಿರಲಿಲ್ಲ.