ಅಜ್ಜಿ ಊರಿನ ಕರೆಂಟು

ಕಳೆದ ಭಾನುವಾರ ಮಗಳು ಪಕ್ಕದ ಮನೆಯವರ ಎದುರೇ ನನ್ನ ಮರ್ಯಾದೆ ತೆಗೆದಳು.

ನಾವಿರುವುದು ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ಇಲ್ಲಿಂದ ಉತ್ತರಕ್ಕೆ, ಮರ್ಚಿಸನ್ ಅನ್ನೋ ಬಯಲಲ್ಲಿ, ಕ್ರಿಸ್‌ಮಸ್ ಮರದಂಥ 1,31,072 ಆಂಟೆನಾ ನಿಲ್ಲಿಸುತ್ತಿದ್ದಾರೆ. ಮೊದಲ ನಕ್ಷತ್ರಗಳ ಕಾಲದ ರೇಡಿಯೊ ಅಲೆ ಹಿಡಿಯೋಕೆ. ಟೀ ಕುಡೀತಾ ಆ ಮಾತು ಬಂತು. ಮಹಾಸ್ಫೋಟ ಆಗಿ 3.8 ಲಕ್ಷ ವರ್ಷ ಕಳೆದ ಮೇಲೆ ಉಳಿದದ್ದು ಬರೀ ಹೈಡ್ರೋಜನ್, ಹೀಲಿಯಂ. ಆ ಅನಿಲ ತಣಿದು, ಮುದ್ದೆಗಟ್ಟಿ, ತನ್ನ ಭಾರಕ್ಕೆ ತಾನೇ ಕುಸಿದು ಮೊದಲ ನಕ್ಷತ್ರ ಹೊತ್ತಿಕೊಳ್ಳೋವರೆಗೆ ಸುಮಾರು ಹತ್ತು ಕೋಟಿ ವರ್ಷ ಕತ್ತಲೋ ಕತ್ತಲು ಅಂತ ಮಗಳಿಗೆ ಹೇಳುತ್ತಿದ್ದೆ.

ಅವಳು ಬಿಸ್ಕತ್ತು ಅದ್ದುತ್ತಾ ಕೇಳಿದಳು: "ಅಜ್ಜಿ ಊರಲ್ಲಿ ಕರೆಂಟ್ ಹೋದ ಹಾಗಾ?"

ಇಂಗ್ಲಿಷಲ್ಲೇ ಕೇಳಿದ್ದರಿಂದ ಎಲ್ಲರೂ ನಕ್ಕರು. ನಾನೂ ನಕ್ಕೆ, ಒಳಗೆ ಚುರುಕ್ ಅಂತು. ಚಳ್ಳಕೆರೆ ಹತ್ತಿರದ ನಮ್ಮೂರಿಗೆ ಡಿಸೆಂಬರ್ ರಜೆಗೆ ಹೋದಾಗ ಅವಳು ನೆನಪಿಟ್ಟುಕೊಂಡದ್ದು ಇದೊಂದೇನಾ?

ಸುಮ್ನೆ ಇರೋಕೆ ಆಗಲಿಲ್ಲ. ಶುರು ಮಾಡಿದೆ. ಆ ಕಾಲದ ಹೈಡ್ರೋಜನ್ನಿನ 21 ಸೆಂಟಿಮೀಟರ್ ಉದ್ದದ ರೇಡಿಯೊ ಅಲೆ ಬ್ರಹ್ಮಾಂಡದ ಜೊತೆ ಹಿಗ್ಗಿ ಹಿಗ್ಗಿ ಈಗ ನಾಲ್ಕು ಮೀಟರ್ ಹತ್ತಿರ ಆಗಿದೆ, ಅದನ್ನು ಎಫ್‌ಎಂ ಸ್ಟೇಷನ್ನುಗಳ ಸ್ವಲ್ಪ ಕೆಳಗೆ, 78 ಮೆಗಾಹರ್ಟ್ಸ್‌ನಲ್ಲಿ ಹಿಡಿದೆವು ಅಂತ 2018ರಲ್ಲಿ ಅಮೆರಿಕದವರು ಹೇಳಿದ್ದು ಇದೇ ಮರ್ಚಿಸನ್‌ನಿಂದ. ಅದನ್ನು ಒರೆಗೆ ಹಚ್ಚಿದವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರು. 'ಸರಸ್' ಅನ್ನೋ ಆಂಟೆನಾ ಕಟ್ಟಿ, ತೆಪ್ಪದ ಮೇಲಿಟ್ಟು 2020ರಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿ ಹಿನ್ನೀರಲ್ಲೂ ತೇಲಿಬಿಟ್ಟರು. ನೆಲದಡಿ ಕಲ್ಲು, ಮಣ್ಣು, ತೇವ ಒಂದೊಂದು ಕಡೆ ಒಂದೊಂದು ಥರ, ಅಳತೆ ಕೆಡುತ್ತೆ. ನೀರು ಎಲ್ಲಾ ಕಡೆ ಒಂದೇ. ಆ ಸಿಗ್ನಲ್ ಅಲ್ಲಿ ಸಿಗಲಿಲ್ಲ ಅಂತ 2022ರಲ್ಲಿ ಪ್ರಕಟಿಸಿದರು.

"ತೆಪ್ಪವಾ?" ಅಂದರು ಪಕ್ಕದವರು. ತೆಪ್ಪವೇ! ಸಿಗಂದೂರಿಗೆ ಹೋಗುವಾಗ ಲಾಂಚಿನ ಕಂಬಿ ಹಿಡಿದು ನಾನು ವಾಂತಿ ಮಾಡಿಕೊಂಡಿದ್ದು ಅದೇ ಹಿನ್ನೀರಿಗೆ. (ಇದನ್ನು ಹೇಳಲಿಲ್ಲ.)

ಇದೆಲ್ಲ ನನಗೆ ಗೊತ್ತಾಗಿದ್ದು ಇಲ್ಲಿಗೆ ಬಂದ ಮೇಲೆ. ಮೇಖ್ರಿ ಸರ್ಕಲ್ ಹತ್ತಿರದ ಆ ಸಂಸ್ಥೆ ಮುಂದೆ ನಾಲ್ಕು ವರ್ಷ ಬಸ್ಸಲ್ಲಿ ಓಡಾಡಿದ್ದೇನೆ, ಒಂದು ಸಲಾನೂ ಬೋರ್ಡ್ ಓದಿರಲಿಲ್ಲ. ಊರಲ್ಲಂತೂ ನಕ್ಷತ್ರಕ್ಕೆ ಬರ ಇರಲಿಲ್ಲ. ತ್ರೀ ಫೇಸ್ ಬರ್ತಿದ್ದದ್ದೇ ನಡುರಾತ್ರಿ. ಅಪ್ಪ ಮೋಟರ್ ಹಾಕೋಕೆ ಹೊಲಕ್ಕೆ ಹೊರಟರೆ ಬ್ಯಾಟರಿ ಹಿಡಿದು ನಾನು ಹಿಂದೆ. ಹಾವು ಇದ್ದಾವು ಅಂತ ಕಣ್ಣೆಲ್ಲ ನೆಲದ ಮೇಲೆ.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿದೆ. ಕರೆಂಟ್ ಈಗ್ತಾನೆ ಹೋಯ್ತು ಅಂದಳು.

"ಹೊರಗೆ ಬಂದು ಮೇಲೆ ನೋಡಮ್ಮ, ಚುಕ್ಕಿ ಕಾಣ್ತಾವಾ?"

"ಅದಾವಪ್ಪ, ರಾಶಿ ಅದಾವೆ. ಒಂದು ಮೋಡ ಇಲ್ಲ. ಶೇಂಗಾ ಒಣಗ್ತಾ ಐತೆ."