"ಹೆಸರು ಐತಲ್ರೀ, ಮತ್ತೇನ ಬೇಕು?"

ಬೆಳಗಾವಿ ಸೀಮೆಯ ಒಂದು ಮನೆಯ ದೇವರ ಜಗಲಿಯ ಮೇಲೆ ಈ ವಾರ ಕಂಡ ದೇವಿ ಕಣ್ಣು ಬಿಟ್ಟು ಕದಲುತ್ತಿಲ್ಲ. ಅಂಗೈಗಿಂತ ತುಸು ದೊಡ್ಡ ಕಂಚಿನ ಬಿಲ್ಲೆ. ಕೈಯಲ್ಲಿ ತ್ರಿಶೂಲ, ಪಕ್ಕದಲ್ಲಿ ಸಿಂಹ, ಹಣೆಗೆ ಮೂರು ತಲೆಮಾರಿನ ಕುಂಕುಮ. ದುರ್ಗವ್ವ ಅಂತಲೇ ಪೂಜೆ. ಅದು ಬ್ರಿಟಾನಿಯಾ, ಬ್ರಿಟನ್ ದೇಶವನ್ನು ಹೆಣ್ಣಿನ ರೂಪದಲ್ಲಿ ತೋರಿಸುವ ಸಂಕೇತ. ಮೊದಲ ಮಹಾಯುದ್ಧದಲ್ಲಿ ಸತ್ತವರ ಮನೆಗಳಿಗೆ ಬ್ರಿಟಿಷ್ ಸರ್ಕಾರ ಕಳಿಸಿದ 120 ಮಿಲಿಮೀಟರ್ ಅಗಲದ ಸ್ಮರಣಫಲಕ. ಮುತ್ತಜ್ಜನ ತಮ್ಮ ಮೀಸೆ ಚಿಗುರುವ ವಯಸ್ಸಿಗೇ ಇರಾಕಿನ "ಬಸ್ರಾಕ್ಕ ಹೋಗಿ" ತಿರುಗಿ ಬಂದಿರಲಿಲ್ಲ.

ಯಾವ ಪಲ್ಟಣ, ನಂಬರ್ ಏನು ಎಂದು ಕೇಳಿದರೆ ಮನೆಯ ಯಜಮಾನರು ಫಲಕದ ಬಲಗಡೆಯ ಚೌಕ ತೋರಿಸಿ ಅಂದರು: "ಹೆಸರು ಐತಲ್ರೀ ಸರ, ಮತ್ತೇನ ಬೇಕು? ಕಂಪ್ಯೂಟರಿಗೆ ಹಾಕ್ರಿ, ಬರತೈತಿ."

ಆ ಫಲಕದ ಮೇಲೆ ಹುದ್ದೆ, ಪಲ್ಟಣ, ನಂಬರ್ ಯಾವುದೂ ಇರುವುದಿಲ್ಲ. ಸತ್ತವರಲ್ಲಿ ಜನರಲ್ ಬೇರೆ, ಸಿಪಾಯಿ ಬೇರೆ ಎನ್ನಬಾರದೆಂದು ಬೇಕೆಂದೇ ಬಿಟ್ಟದ್ದು. ದೊಡ್ಡ ಮನಸ್ಸೇ ಸರಿ. ಆದರೆ ಅದೇ ಸಾಮ್ರಾಜ್ಯ 1929ರಲ್ಲಿ ಬಸ್ರಾದಲ್ಲಿ ಎಬ್ಬಿಸಿದ ಸ್ಮಾರಕದ ಕಲ್ಲಿನಲ್ಲಿ ಅಧಿಕಾರಿಗಳ ಹೆಸರು ಕೆತ್ತಿ, ನಮ್ಮ ಸಿಪಾಯಿಗಳನ್ನು ಪಲ್ಟಣವಾರು "ಇಷ್ಟು ಜನ" ಎಂದು ಎಣಿಸಿ ಮುಗಿಸಿತು. ಮನೆಗೆ ಬಂದ ಕಂಚಿನಲ್ಲಿ ಬರೀ ಹೆಸರು, ಅಲ್ಲಿಯ ಕಲ್ಲಿನಲ್ಲಿ ಬರೀ ಲೆಕ್ಕ. ಈ ತಾರತಮ್ಯಕ್ಕೆ ಬ್ರಿಟನ್ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದ್ದು 2021ರ ಏಪ್ರಿಲ್‌ನಲ್ಲಿ. ಆಗ ಬಂದ ವರದಿಯ ಪ್ರಕಾರ ಹೆಸರಿಟ್ಟು ಸ್ಮರಿಸದೆ ಉಳಿದವರು, ಹೆಚ್ಚಾಗಿ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದಲ್ಲಿ ಸತ್ತವರು, ಕನಿಷ್ಠ 1,16,000.

ಹಾಗಾಗಿ ಹುಡುಕುವವರು ಮೊದಲು ಮಾಡಬೇಕಾದ್ದು ಹೆಸರನ್ನು ಪಲ್ಟಣಕ್ಕೂ ನಂಬರಿಗೂ ಗಂಟುಹಾಕುವುದು. ಫಲಕದ ಜೊತೆ ಮನೆಗಳಿಗೆ ಒಂದು ಸನ್ನದಿನಂಥ ಕಾಗದ ಬರುತ್ತಿತ್ತು; ಅದರ ಕೆಳತುದಿಯಲ್ಲಿ ಕೈಬರಹದಲ್ಲಿ ಹುದ್ದೆ, ಹೆಸರು, ಪಲ್ಟಣ. ಹಳೇ ಟ್ರಂಕಿನ ತಳದಲ್ಲೋ ಫೋಟೋ ಚೌಕಟ್ಟಿನ ಬೆನ್ನಿಗೋ ಅದು ಸಿಕ್ಕರೆ ಅರ್ಧ ಕೆಲಸ ಆದಂತೆ. ಇಲ್ಲದಿದ್ದರೆ ಪದಕ. ಬೆಳ್ಳಿಯ ಬ್ರಿಟಿಷ್ ವಾರ್ ಮೆಡಲ್ 36 ಮಿಲಿಮೀಟರ್. ಅದರ ಮುಖದಲ್ಲಿ ರಾಜ ಬಿಟ್ಟರೆ ನಮಗೆ ಬೇಕಾದ್ದೇನೂ ಇಲ್ಲ, ಎಲ್ಲ ಇರುವುದು ಅಂಚಿನ ದಪ್ಪದಲ್ಲಿ: ನಂಬರ್, ಹುದ್ದೆ, ಹೆಸರು, ಪಲ್ಟಣ. ಟಾರ್ಚನ್ನು ಓರೆಯಾಗಿ ಹಿಡಿದು, ಬಿಲ್ಲೆಯನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಮೊಬೈಲಿನಲ್ಲಿ ಹತ್ತಿರದಿಂದ ಫೋಟೋ ತೆಗೆಯಬೇಕು. ನಕ್ಷತ್ರದ ಆಕಾರದ ಸ್ಟಾರ್ ಪದಕ ಇದ್ದರೆ ಅಕ್ಷರಗಳು ಅದರ ಬೆನ್ನ ಮೇಲೆ. ಹಬ್ಬಕ್ಕೊಮ್ಮೆ ಹುಣಸೆಹಣ್ಣು ಹಚ್ಚಿ ಫಳಫಳ ತಿಕ್ಕುವ ಭಕ್ತರು ಮನೆಗೊಬ್ಬರು ಇದ್ದೇ ಇರುತ್ತಾರೆ. ಅವರ ಕೈಗೆ ಸಿಕ್ಕ ಪದಕದ ಅಂಚು ಬೋಳು.

ಪದಕ ಇನ್ನೂ ಒಂದು ಗುಟ್ಟು ಹೇಳುತ್ತದೆ. 1914-15 ಸ್ಟಾರ್ ಇದ್ದರೆ ಆತ 1915ರ ಡಿಸೆಂಬರ್ 31ರೊಳಗೆ ರಣರಂಗ ಮುಟ್ಟಿದ್ದ. ಬೆಳಗಾವಿ ಕಡೆಯವರು ಹೆಚ್ಚಾಗಿ ಸೇರುತ್ತಿದ್ದದ್ದು ಮರಾಠಾ ಪಲ್ಟಣಗಳಿಗೆ. ಅವುಗಳಲ್ಲಿ 103, 110, 117ನೇ ಪಲ್ಟಣಗಳು ಮೂರೂ ಇರಾಕಿನ ಕುಟ್-ಅಲ್-ಅಮಾರಾ ಊರಿಗೆ ತುರ್ಕರು ಹಾಕಿದ ಮುತ್ತಿಗೆಯಲ್ಲಿ 1915ರ ಡಿಸೆಂಬರ್ 7ರಿಂದ ಸಿಲುಕಿ, 1916ರ ಏಪ್ರಿಲ್ 29ಕ್ಕೆ ಶರಣಾದವು. ಸ್ಟಾರ್ ಕಳೆದದ್ದಲ್ಲ, ಬಂದೇ ಇಲ್ಲ, ವಾರ್ ಮೆಡಲ್ ಮತ್ತು ವಿಕ್ಟರಿ ಮೆಡಲ್ ಎರಡೇ ಬಂದದ್ದು ಎಂದರೆ ಆತ ಆ ಮುತ್ತಿಗೆಯೊಳಗೆ ಇರಲಿಲ್ಲ. ಆಮೇಲೆ ಬಂದು ಹೊರಗಿನ ಪಡೆಗಳಲ್ಲಿ ಕಾದಿದವನು. (ವಿಕ್ಟರಿ ಮೆಡಲ್ ಮನೆಮಾತಿನಲ್ಲಿ ವಿಕ್ಟೋರಿಯಾ ಕ್ರಾಸ್ ಆಗಿಬಿಡುವುದುಂಟು. ಕ್ರಾಸ್ ಎಂದರೆ ಶೌರ್ಯದ ಅತಿ ದೊಡ್ಡ ಪದಕ, ಆ ಯುದ್ಧದಲ್ಲಿ ದೇಶಿ ಸೈನಿಕರಿಗೆ ದಕ್ಕಿದ್ದು ಬರೀ 11. ಹೇಳಿದರೆ ಕೆಲವರು ಮುನಿಸಿಕೊಳ್ಳುತ್ತಾರೆ.)

"ಹೆಸರು ಐತಲ್ರೀ" ಎಂದವರಿಗೆ ಯುದ್ಧದಲ್ಲಿ ಸತ್ತವರ ಸಮಾಧಿ, ಸ್ಮಾರಕ ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣ ತೆರೆದು ತೋರಿಸಿದ್ದಾಯಿತು. ಬಸ್ರಾದ ಕಲ್ಲಿಗೆ ಏರದ ಹೆಸರುಗಳು ಅಲ್ಲಿ ಪುಕ್ಕಟೆ ಸಿಗುತ್ತವೆ, ಆದರೆ ಭರ್ತಿಯ ಗುಮಾಸ್ತನ ಕಿವಿಗೆ ಬಿದ್ದ ಹಾಗೆ. ಒಂದೇ ಹೆಸರಿನವರು ಡಜನ್‌ಗಟ್ಟಲೆ, ವಯಸ್ಸು ಬಹುಪಾಲು ಖಾಲಿ. ಹೆಸರಿನಿಂದ ಶುರುಮಾಡಲೇಬೇಡಿ. ಇಂಡಿಯನ್ ಆರ್ಮಿ, ಪಲ್ಟಣ, ವರ್ಷ ಇಷ್ಟನ್ನೇ ತುಂಬಿ, ಬಂದ ಪಟ್ಟಿಯನ್ನೆಲ್ಲ ಇಳಿಸಿಕೊಂಡು ಸಾಲುಸಾಲಾಗಿ ಓದಬೇಕು. ಗಮನವಿರಬೇಕಾದ್ದು ಹೆಚ್ಚಿನ ವಿವರದ ಕಾಲಮಿನ ಮೇಲೆ: ಇಂಥವನ ಮಗ, ಇಂಥ ಊರು, ಬೆಳಗಾಂ, ಬಾಂಬೆ. ತಾಲೂಕು ಅಂದಿನದು. ಬೈಲಹೊಂಗಲ ಎಂದು ಹುಡುಕಿದರೆ ಸಿಗದ್ದು ಸಂಪಗಾಂವ ಎಂದರೆ ಸಿಗಬಹುದು, ಸವದತ್ತಿಗೆ ಪರಸಗಡ. ಅಂದಿನ ಬೆಳಗಾಂ ಜಿಲ್ಲೆಯಲ್ಲಿದ್ದ ಚಂದಗಡ ಈಗ ಮಹಾರಾಷ್ಟ್ರದಲ್ಲಿದೆ. ಭರ್ತಿ ಜಾತಿವಾರು ನಡೆಯುತ್ತಿದ್ದ ಕಾಲ ಬೇರೆ. ಜಾತಿ ಬದಲಿಸಿ ಹೇಳಿ ಸೇರಿದವರೂ ಉಂಟು, ಆಗ ಹೆಸರೂ ಜಾರುತ್ತದೆ.

ನಂಬರ್ ಒಂದೇ ಸಿಕ್ಕಿತೆಂದು ಹಿಗ್ಗುವಂತೆಯೂ ಇಲ್ಲ. ಆಗ ಪ್ರತಿ ಪಲ್ಟಣ ತನ್ನದೇ ಎಣಿಕೆ ಇಟ್ಟುಕೊಂಡಿತ್ತು, ಒಂದೇ ನಂಬರ್ ಹತ್ತು ಕಡೆ ಇರುತ್ತದೆ.

ನಂಬರ್, ಪಲ್ಟಣ ಎರಡೂ ಕೂಡಿದ ಮೇಲೆ ದಾರಿ ತೆರೆಯುತ್ತದೆ. ಲಂಡನ್ನಿನ ಕ್ಯೂ (Kew) ಬಡಾವಣೆಯಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ ಡಬ್ಲ್ಯೂ.ಓ. (ವಾರ್ ಆಫೀಸ್) 95 ಸರಣಿಯಲ್ಲಿ ಪಲ್ಟಣಗಳ ದಿನಚರಿ ಇವೆ. ಸತ್ತ ದಿನದ ಪುಟ ತೆಗೆದರೆ ಎಲ್ಲಿದ್ದರು, ಏನು ನಡೆಯಿತು ತಿಳಿಯುತ್ತದೆ. ಅಧಿಕಾರಿ ಸತ್ತರೆ ಹೆಸರಿರುತ್ತದೆ, ಸಿಪಾಯಿ ಸತ್ತರೆ ಅಲ್ಲೂ ಸಾಮಾನ್ಯವಾಗಿ ಬರೀ ಸಂಖ್ಯೆ. ಬೆಳಗಾವಿಯ ಮರಾಠಾ ರೆಕಾರ್ಡ್ ಆಫೀಸಿಗೂ ಪತ್ರ ಬರೆಯಬಹುದು, ಆದರೆ ಪಲ್ಟಣಕ್ಕೆ ಯುದ್ಧದ ಆಮೇಲೆ ಬಂದ ಹೆಸರು ಗೊತ್ತಿರಲಿ: 1922ರಲ್ಲಿ 103ನೆಯದು ಐದನೇ ಮರಾಠಾ ರೆಜಿಮೆಂಟಿನ ಮೊದಲ ಬೆಟಾಲಿಯನ್, 110 ಮೂರನೆಯದು, 117 ಐದನೆಯದು. ಪತ್ರದಲ್ಲಿ ನಂಬರ್, ಹುದ್ದೆ, ಹೆಸರು, ತಂದೆ, ಊರು, ಸತ್ತ ದಿನ ಬರೆದು ಒಂದೇ ಪ್ರಶ್ನೆ ಕೇಳಿ. ಮನೆತನದ ಪುರಾಣವನ್ನೆಲ್ಲ ನಾಲ್ಕು ಪುಟ ತುಂಬಿಸಿದರೆ ಯಾವ ಗುಮಾಸ್ತನೂ ಓದುವುದಿಲ್ಲ. ಭರ್ತಿಯ ದಿನ ತುಂಬುತ್ತಿದ್ದ ಶೀಟ್ ರೋಲ್‌ನಲ್ಲಿ ಎತ್ತರ, ಮೈಮೇಲಿನ ಗುರುತು ಎಲ್ಲ ಇರುತ್ತಿದ್ದವು; ಇಷ್ಟು ಹಳೆಯವು ಉಳಿದಿರುವುದು ಅಪರೂಪ.

ಇಷ್ಟು ಕೇಳಿದ ಮೇಲೆ ಯಜಮಾನರು ಫಲಕವನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿದರು. ಪದಕಗಳು ಇವೆಯಂತೆ. ಮನೆ ಪಾಲಾದಾಗ ಕಂಚಿನ ದೇವಿ ಇವರಿಗೆ ಬಂದಳು, ಬೆಳ್ಳಿ ಆ ಕಡೆಯವರಿಗೆ ಹೋಯಿತು. ಬದುವಿನ ಜಗಳದಲ್ಲಿ ಆ ಮನೆಯೊಂದಿಗೆ ಮಾತಿಲ್ಲ. "ನೀವ ಒಂದ ಮಾತ ಕೇಳಿ ನೋಡ್ರಲಾ" ಎಂದು ಹೆಂಡತಿ ಒಳಗಿನಿಂದ ಅಂದರೆ ಇವರು ಮತ್ತೆ, "ಹೆಸರು ಐತಲ್ಲ" ಎಂದರು. ಲಂಡನ್ನಿನಿಂದ ಕಾಗದ ತರಿಸಬಹುದು, ಎರಡು ಮನೆ ಆಚೆಯಿಂದ ಒಂದು ಫೋಟೋ ತರಿಸುವುದು ಕಷ್ಟ. ಕಡೆಗೆ ಮಗಳೇ ಆ ಮನೆಯ ಹುಡುಗನಿಗೆ ಮೆಸೇಜ್ ಹಾಕಿದಳು: ಅಂಚಿನ ಫೋಟೋ ಬೇಕು, ಸುತ್ತಲೂ ತಿರುಗಿಸಿ ಆರು, ಸ್ಟಾರ್ ಇದ್ದರೆ ಬೆನ್ನಿನದೊಂದು, ಮತ್ತು ದಯವಿಟ್ಟು, ತಿಕ್ಕಬೇಡ.